ಗ್ರಾಫೈಟಿನ ಹುಟ್ಟುಬಿರುಕು

'ಅಣುಸ್ಥಾವರದಲ್ಲಿ ಬಿರುಕು' ಅಂದರೆ ಸಾಕು, ಎಲ್ಲರಿಗೂ ಚೆರ್ನೋಬಿಲ್ ನೆನಪಾಗುತ್ತದೆ. 2018ರಲ್ಲಿ ಸ್ಕಾಟ್ಲೆಂಡಿನ ಹಂಟರ್‌ಸ್ಟನ್ ಬಿ ಸ್ಥಾವರದ ಒಂದು ರಿಯಾಕ್ಟರಿನಲ್ಲಿ ನ್ಯೂಟ್ರಾನುಗಳ ವೇಗ ತಗ್ಗಿಸುವ ಗ್ರಾಫೈಟ್ (ಇಂಗಾಲದ ಒಂದು ರೂಪ) ಇಟ್ಟಿಗೆಗಳಲ್ಲಿ ನೂರಾರು ಬಿರುಕುಗಳಿರುವುದು ಸುದ್ದಿಯಾಯಿತು. ಆದರೆ ಬಿರುಕೇ ಇಲ್ಲದ ಗ್ರಾಫೈಟ್ ಇಟ್ಟಿಗೆ ಕಾರ್ಖಾನೆಯಿಂದ ಹೊರಬರುವುದೇ ಇಲ್ಲ. ಸುಮಾರು 2,800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಆರಿಸುವಾಗ ಪದರಪದರವಾಗಿರುವ ಅದರ ಹರಳು, ಪದರಗಳಿಗೆ ಅಡ್ಡಲಾಗಿ ಹೆಚ್ಚು ಕುಗ್ಗುತ್ತದೆ. ಪದರಗಳ ನಡುವೆ ಸೂಕ್ಷ್ಮ ಸೀಳುಗಳು ಬಾಯಿಬಿಡುತ್ತವೆ. ಇವೇ ವಿಜ್ಞಾನಿ ಮ್ರೊಜೊವ್ಸ್ಕಿಯ ಹೆಸರಿನ ಬಿರುಕುಗಳು. ಇಟ್ಟಿಗೆಯನ್ನು ವರ್ಷಗಟ್ಟಲೆ ಕಾಪಾಡುವುದೂ ಇವೇ!

ವೇಗದ ನ್ಯೂಟ್ರಾನ್ ಬಡಿದಾಗ ಜಾಗ ತಪ್ಪಿದ ಇಂಗಾಲದ ಪರಮಾಣು ಎರಡು ಪದರಗಳ ನಡುವೆ ತೂರಿಕೊಳ್ಳುತ್ತದೆ. ಹರಳು ದಪ್ಪಗಾಗುತ್ತದೆ, ಪದರಗಳ ಉದ್ದಕ್ಕೆ ಮಾತ್ರ ಕುಗ್ಗುತ್ತದೆ. ದಪ್ಪಗಾದದ್ದೆಲ್ಲ ಹುಟ್ಟುಬಿರುಕುಗಳೊಳಗೆ ಅಡಗುವುದರಿಂದ ಇಡೀ ಇಟ್ಟಿಗೆ ಕುಗ್ಗಿದಂತೆ ಕಾಣುತ್ತದೆ. ರೈಲು ಹಳಿಗಳ ನಡುವಿನ ಸಂದು ಬಿಸಿಲಿನ ಹಿಗ್ಗನ್ನು ನುಂಗುವುದಿಲ್ಲವೇ, ಹಾಗೆ. ಬಸ್ಸಿನಲ್ಲಿ ಸೀಟು ಖಾಲಿ ಇರುವ ತನಕ ಎಷ್ಟು ಜನ ಹತ್ತಿದರೂ ಬಸ್ಸು ಉಬ್ಬುವುದಿಲ್ಲ ಎಂದರೂ ಸರಿ. ಸೀಟು ತುಂಬಿದ ಮೇಲೆ? ಅಲ್ಲಿಂದಾಚೆ ಇಟ್ಟಿಗೆ ಉಬ್ಬತೊಡಗುತ್ತದೆ.

ಇಟ್ಟಿಗೆ ಟೊಳ್ಳು ಕೊಳವೆಯ ಆಕಾರದ್ದು, ಇಂಧನ ಅದರ ಒಳಗೆ. ಹಾಗಾಗಿ ಒಳಮೈಗೇ ಹೆಚ್ಚು ಪೆಟ್ಟು. ಮೊದಮೊದಲು ಒಳಮೈ ಬೇಗ ಕುಗ್ಗಿ ಎಳೆತಕ್ಕೆ ಸಿಗುತ್ತದೆ. ಮುಂದೆ ಅದು ಉಬ್ಬಲು ಶುರುಮಾಡಿದಾಗ ಹೊರಮೈ ಇನ್ನೂ ಕುಗ್ಗುತ್ತಲೇ ಇರುತ್ತದೆ. ಎಳೆತ ಹೊರಕ್ಕೆ ದಾಟುತ್ತದೆ. ಅಲ್ಲೋ, ಪಕ್ಕದ ಇಟ್ಟಿಗೆಗಳಿಗೆ ಬೆಸೆಯಲು ಕೊರೆದ ತೋಡುಗಳಿವೆ, ಅವಕ್ಕೆ ಮೂಲೆಗಳಿವೆ. ಮೂಲೆಯಲ್ಲಿ ಎಳೆತ ಗುಂಪುಗೂಡುತ್ತದೆ ಎಂದು ಬ್ರಿಟಿಷ್ ಎಂಜಿನಿಯರ್ ಇಂಗ್ಲಿಸ್ 1913ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಏಳೆಂಟು ವರ್ಷಗಳ ನಂತರ ಇನ್ನೊಬ್ಬ ಎಂಜಿನಿಯರ್ ಗ್ರಿಫಿತ್, ಬಿರುಕು ಬೆಳೆಯಲು ಬೇಕಾದ ಶಕ್ತಿಯ ಲೆಕ್ಕವನ್ನು ಗಾಜಿನ ಮೇಲೆ ಪರೀಕ್ಷಿಸಿದ. ಗ್ರಾಫೈಟ್ ಗಾಜಲ್ಲ. ಅದರಲ್ಲಿ ಬಿರುಕು ರಂಧ್ರಗಳಿಗೆ ಎಡತಾಕಿ, ಕವಲೊಡೆದು, ಅಂಕುಡೊಂಕಾಗಿ ನಡೆಯುತ್ತದೆ.

ನ್ಯೂಟ್ರಾನುಗಳ ಪೆಟ್ಟಿಗೇ ಗ್ರಾಫೈಟ್ ಒಂದಿಷ್ಟು ಮೆತ್ತಗೆ ಜರುಗಿ ಎಳೆತವನ್ನು ಸಡಿಲಿಸುತ್ತದೆ. ಇಲ್ಲವಾದರೆ ಇಟ್ಟಿಗೆಗಳು ಬಹಳ ಮೊದಲೇ ಸೀಳುತ್ತಿದ್ದವು. ತಂಪು ಮಾಡುವ ಕಾರ್ಬನ್ ಡೈಆಕ್ಸೈಡ್ ಅನಿಲವೂ ವಿಕಿರಣದಿಂದ ಒಡೆದು ಇಂಗಾಲವನ್ನು ಮೆಲ್ಲಗೆ ತಿನ್ನುತ್ತಿರುತ್ತದೆ, ಅದು ಬೇರೆ ಪೀಡೆ.

ಇಟ್ಟಿಗೆ ಸೀಳಿದರೆ ಅನಿಲ ಹೊರಗೆ ಚಿಮ್ಮುವುದಿಲ್ಲ, ಅದನ್ನು ಹಿಡಿದಿಡುವುದು ಸುತ್ತಲಿನ ಕಾಂಕ್ರೀಟ್ ಪಾತ್ರೆ. ಎಂಜಿನಿಯರುಗಳ ಚಿಂತೆ ಇನ್ನೊಂದು: ಬಹಳಷ್ಟು ಇಟ್ಟಿಗೆಗಳು ಸೀಳಿರುವಾಗ ಭೂಕಂಪವಾದರೆ ಕೊಳವೆಗಳ ಸಾಲು ವಾಲಿ, ಅಣುಕ್ರಿಯೆಯನ್ನು ನಿಲ್ಲಿಸುವ ನಿಯಂತ್ರಣ ಸರಳುಗಳು ಸಲೀಸಾಗಿ ಇಳಿಯದೆ ಹೋಗಬಹುದೇ? ಅದಕ್ಕೇ ಕೊಳವೆಗಳೊಳಗೆ ಕ್ಯಾಮೆರಾ ಇಳಿಸಿ ಬಿರುಕು ಎಣಿಸುತ್ತಿದ್ದರು. 1976ರಲ್ಲಿ ಶುರುವಾದ ಹಂಟರ್‌ಸ್ಟನ್ ಬಿ 2022ರ ಜನವರಿಯಲ್ಲಿ ವಿದ್ಯುತ್ ಉತ್ಪಾದನೆ ನಿಲ್ಲಿಸಿತು.