ಬೆನ್ನ ಮೇಲೆ ತೆವಳುವ ಹುಳುವನ್ನು ಕೊಲ್ಲಬೇಡಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಬಂಟ್ವಾಳ ಕಡೆಯ ತೆಂಗು ಬೆಳೆಗಾರರೊಬ್ಬರು ಬಕೆಟ್ಟಿನಲ್ಲಿ ಹುಳು ತುಂಬಿಕೊಂಡು ಬಂದರು. ಹಟ್ಟಿಗೊಬ್ಬರದ ಗುಂಡಿ ಬಗೆಯುವಾಗ ಸಿಕ್ಕಿದ್ದು. ಹೆಬ್ಬೆರಳಿನ ದಪ್ಪ, ಬೆಳ್ಳಗೆ, ಕುಡುಗೋಲಿನ ಹಾಗೆ ಬಾಗಿದ ಹುಳುಗಳು.

"ಸರ್, ಇದು ಕುರುವಾಯಿಯದೇ ಮರಿ ಅಲ್ವಾ? ಗುಂಡಿಗೆ ಇವತ್ತೇ ಮದ್ದು ಬಿಡುದಾ?"

ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಐದು ಹುಳುಗಳನ್ನು ಬಿಟ್ಟೆ. ಎರಡು ಅಲ್ಲೇ ಪಕ್ಕಕ್ಕೆ ಮಗುಚಿಕೊಂಡು ಒದ್ದಾಡಿದವು. ಉಳಿದ ಮೂರು ಅಂಗಾತ ಹೊರಳಿ, ಕಾಲುಗಳನ್ನು ಮೇಲಕ್ಕೆತ್ತಿ, ಬೆನ್ನಿನ ಮಡಿಕೆಗಳನ್ನೇ ನೆಲಕ್ಕೆ ಒತ್ತುತ್ತ ಸರಸರನೆ ಪತ್ರಿಕೆಯ ಅಂಚಿಗೆ ಹೋದವು. ಅವರು ಬಗ್ಗಿ ನೋಡಿದರು. "ಇದೆಂತ ಸರ್, ಉಲ್ಟಾ ಹೋಗ್ತದೆ?"

ಹೌದು, ಉಲ್ಟಾ ಹೋಗುವುದು ಹೂದುಂಬಿ ಎಂಬ ಗಡಸು ರೆಕ್ಕೆಯ ಹುಳುವಿನ ಮರಿ. ಕಾಲಿದ್ದೂ ಬೆನ್ನ ಮೇಲೆ ತೆವಳುವುದು ಆ ಬಳಗದ ಗುರುತು. ಇದಕ್ಕೆ ಸೂಕ್ಷ್ಮದರ್ಶಕ ಬೇಡ, ಪುಸ್ತಕ ಬೇಡ, ಒಂದು ಪತ್ರಿಕೆ ಸಾಕು. ಹೂದುಂಬಿಯ ಮರಿಗೆ ತಲೆ ಚಿಕ್ಕದು, ಕಾಲು ಗಿಡ್ಡ. ಕುರುವಾಯಿ ಎಂಬ ದುಂಬಿಯ ಮರಿಗೆ ದಪ್ಪನೆಯ ಕಂದು ತಲೆ. ಕುರುವಾಯಿ ದೊಡ್ಡದಾದ ಮೇಲೆ ತೆಂಗಿನ ಸುಳಿ ಹೊಕ್ಕು ಅಗಿಯುತ್ತದೆ. ಮಡಚಿದ್ದ ಗರಿ ಬಿಚ್ಚಿಕೊಂಡಾಗ ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಕಾಣುವುದು ಅದರ ಕೆಲಸ. ಹೂದುಂಬಿಯ ಮರಿಯಾದರೋ ಕೊಳೆತದ್ದನ್ನು ತಿಂದು ಹಿಕ್ಕೆ ಹಾಕುತ್ತ ನಿಮ್ಮ ಗೊಬ್ಬರವನ್ನು ಬೇಗ ಹದ ಮಾಡಿಕೊಡುತ್ತದೆ. ಗುಂಡಿಗೆ ಮದ್ದು ಬಿಟ್ಟಿದ್ದರೆ ಎರಡೂ ಸಾಯುತ್ತಿದ್ದವು. ಪಕ್ಕಕ್ಕೆ ಬೀಳುವವನ್ನು ಆರಿಸಿ ತೆಗೆಯಿರಿ, ಬೆನ್ನ ಮೇಲೆ ಹೋಗುವವನ್ನು ಗುಂಡಿಗೇ ಬಿಡಿ ಎಂದೆ.

ಮಳೆ ಶುರುವಾದರೆ ನನ್ನ ಫೋನಿಗೆ ದಿನಕ್ಕೆ ಹತ್ತಾರು ದುಂಬಿಗಳ ಚಿತ್ರ ಬರುತ್ತವೆ. ಕಳಿಸುವವರಲ್ಲಿ ಕೃಷಿಕರಿದ್ದಾರೆ, ಶಾಲೆಯ ಮೇಷ್ಟ್ರಿದ್ದಾರೆ, ಚಾರಣಕ್ಕೆ ಹೋದ ಹುಡುಗ ಹುಡುಗಿಯರಿದ್ದಾರೆ. ಪ್ರಶ್ನೆ ಮಾತ್ರ ಒಂದೇ: ಇದರ ಹೆಸರೇನು? ಜಗತ್ತಿನಲ್ಲಿ ಈವರೆಗೆ ಹೆಸರಿಟ್ಟಿರುವ ದುಂಬಿಗಳೇ ಸುಮಾರು 4 ಲಕ್ಷ ಪ್ರಭೇದ. ನಾವು ಹೆಸರಿಟ್ಟ ಪ್ರಾಣಿಗಳಲ್ಲಿ ನಾಲ್ಕರಲ್ಲೊಂದು ದುಂಬಿ. ಆದ್ದರಿಂದ ಒಂದು ಚಿತ್ರ ನೋಡಿ ಪೂರ್ತಿ ಹೆಸರು ಹೇಳುವುದು ಎಷ್ಟೋ ಸಲ ಆಗುವುದಿಲ್ಲ. ಎಲ್ಲಿಯವರೆಗೆ ಹೇಳಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿಮಗೆ ತಿಳಿಸುವುದಕ್ಕೇ ಈ ಬರಹ.

ಮೊದಲು ಪದದ ಗೊಂದಲ ಕಳೆಯೋಣ. ಕಾವ್ಯದ ದುಂಬಿ ಜೇನಿನ ಬಳಗದ್ದು, ಹೂವಿನ ಸುತ್ತ ಝೇಂಕರಿಸುವಂಥದ್ದು. ಕೃಷಿ ಇಲಾಖೆಯ ಕೈಪಿಡಿಗಳಲ್ಲಿ ದುಂಬಿ ಎಂದರೆ ಬೀಟಲ್, ಗಡಸು ರೆಕ್ಕೆಯ ಹುಳು. ನಾನಿಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಸಗಣಿ ಹುಳು, ಗುಲಗಂಜಿ ಹುಳು, ಮೂತಿ ಹುಳು, ಬೇಳೆಕಾಳು ಕೊರೆಯುವ ಹುಳು ಎಲ್ಲ ಇದೇ ಬಳಗ. ಮಿಣುಕುಹುಳುವೂ ದುಂಬಿಯೇ.

ಕೈಯಲ್ಲಿರುವುದು ದುಂಬಿ ಹೌದೋ ಅಲ್ಲವೋ ಎಂದು ನೋಡಲು ಬೆನ್ನು ನೋಡಿ. ದುಂಬಿಯ ಮುಂದಿನ ಜೋಡಿ ರೆಕ್ಕೆ ಗಟ್ಟಿ ಚಿಪ್ಪಾಗಿರುತ್ತದೆ. ಎರಡು ಚಿಪ್ಪುಗಳು ಬೆನ್ನಿನ ನಡುವೆ ಬಾಗಿಲಿನ ಎರಡು ಕದಗಳಂತೆ ಒಂದೇ ನೇರ ಗೆರೆಯಲ್ಲಿ ಕೂಡುತ್ತವೆ. ತಿಗಣೆ ಬಳಗದಲ್ಲಿ ಈ ಗೆರೆ ಇರುವುದಿಲ್ಲ. ಅವುಗಳ ರೆಕ್ಕೆ ಒಂದರ ಮೇಲೊಂದು ಹಾಯುತ್ತದೆ, ಬಾಯಿ ಸೂಜಿಯಂತೆ ಎದೆಯ ಕೆಳಗೆ ಮಡಚಿರುತ್ತದೆ. ಹೊಳೆಯುವ ಹಸಿರು ಹುಳುವಿನ ಚಿತ್ರ ಕಳಿಸಿ "ಜೀರ್ಜಿಂಬೆ ಸಿಕ್ಕಿತು" ಎಂದು ಖುಷಿಪಡುವವರು ಪ್ರತಿ ವರ್ಷ ಇರುತ್ತಾರೆ. ಹಿಗ್ಗಿಸಿ ನೋಡಿದರೆ ನಡುಗೆರೆಯೇ ಇಲ್ಲ, ಒಂದೇ ಗುರಾಣಿ ಇಡೀ ಬೆನ್ನನ್ನು ಮುಚ್ಚಿರುತ್ತದೆ. ಅದು ಗುರಾಣಿ ತಿಗಣೆ. ನಾವು ಚಿಕ್ಕವರಿದ್ದಾಗ ಜಾಲಿಸೊಪ್ಪು ಹಾಕಿ ಬೆಂಕಿಪೊಟ್ಟಣದಲ್ಲಿ ಸಾಕುತ್ತಿದ್ದ ಜೀರ್ಜಿಂಬೆಯೇ ಬೇರೆ.

ಜೀರ್ಜಿಂಬೆಯ ಬಣ್ಣ ಸತ್ತ ಮೇಲೂ ವರ್ಷಗಟ್ಟಲೆ ಮಾಸುವುದಿಲ್ಲ. ಅದು ಚಿಪ್ಪಿನ ತೆಳು ಪದರಗಳಲ್ಲಿ ಬೆಳಕು ಆಡುವುದರಿಂದ ಹುಟ್ಟುವ ಬಣ್ಣ. 19ನೇ ಶತಮಾನದಲ್ಲಿ ಭಾರತದ ಕಸೂತಿ ಬಟ್ಟೆಗಳ ಮೇಲೆ ಈ ರೆಕ್ಕೆಗಳನ್ನು ಹೊಲಿಯುತ್ತಿದ್ದದ್ದು ಅದಕ್ಕೇ. ಆಮೆದುಂಬಿಯದು ಇದಕ್ಕೆ ತದ್ವಿರುದ್ಧ. ಗೆಣಸಿನ ಬಳ್ಳಿಯ ಎಲೆಯ ಮೇಲೆ ಅಪ್ಪಟ ಚಿನ್ನದ ಹನಿಯಂತೆ ಕೂತಿರುತ್ತದೆ. ಹಿಡಿದು ಡಬ್ಬಿಗೆ ಹಾಕಿ ಒಣಗಿಸಿದರೆ ಚಿನ್ನವೆಲ್ಲ ಹೋಗಿ ಮಂಕು ಕಂದು ಉಳಿಯುತ್ತದೆ, ಏಕೆಂದರೆ ಆ ಹೊಳಪು ಚಿಪ್ಪಿನೊಳಗಿನ ತೇವದ ಮೇಲೆ ನಿಂತದ್ದು. ಬಣ್ಣವನ್ನು ನಂಬಿ ದುಂಬಿಯ ಹೆಸರು ಹೇಳಬಾರದು ಎಂದು ನಾನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳುವುದು ಇದಕ್ಕಾಗಿ.

ಬಣ್ಣ ಮತ್ತು ಚುಕ್ಕಿ ನಂಬಿದ್ದಕ್ಕೆ ಅತಿ ಹೆಚ್ಚು ಬೆಲೆ ತೆರುವುದು ಬದನೆ ಬೆಳೆಯುವವರು. ಬದನೆ ಎಲೆಯನ್ನು ಜಾಲರಿಯಂತೆ ಕೆರೆದು ತಿನ್ನುವ ಹೆನೊಸೆಪಿಲಾಕ್ನಾ ಕೂಡ ಗುಲಗಂಜಿ ಹುಳುಗಳ ಕುಟುಂಬದ್ದೇ. ಅದರ ಪ್ರಭೇದದ ಹೆಸರಿಗೆ ಲ್ಯಾಟಿನ್‌ನಲ್ಲಿ 28 ಚುಕ್ಕಿಯದು ಎಂದೇ ಅರ್ಥ. ಆದರೆ ತೋಟದಲ್ಲಿ ನಿಂತು ಚುಕ್ಕಿ ಎಣಿಸುತ್ತ ಕೂರಬೇಡಿ. ಚುಕ್ಕಿಗಳು ಒಂದಕ್ಕೊಂದು ಸೇರಿಕೊಂಡಿರುತ್ತವೆ, ಕೆಲವು ಮಾಸಿರುತ್ತವೆ. ಹುಳುವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಲೆ ತಿನ್ನುವುದರ ಬೆನ್ನಿನ ಮೇಲೆ ನವಿರಾದ ಕೂದಲು ತುಂಬಿ ಮಂಕಾಗಿ ಕಾಣುತ್ತದೆ. ಸಸ್ಯಹೇನು ತಿನ್ನುವ ಗುಲಗಂಜಿ ಹುಳುಗಳಲ್ಲಿ ನಮ್ಮ ಹೊಲಗಳಲ್ಲಿ ಹೆಚ್ಚಾಗಿ ಕಾಣುವವು ಎಣ್ಣೆ ಹಚ್ಚಿದ ಹಾಗೆ ನುಣುಪಾಗಿ ಮಿರುಗುತ್ತವೆ. ಮರಿಗಳಲ್ಲಂತೂ ಗೊಂದಲವೇ ಇಲ್ಲ. ಬದನೆಯದು ಹಳದಿ, ಮೈತುಂಬ ಕವಲೊಡೆದ ಮುಳ್ಳು. ಹೇನು ತಿನ್ನುವುದು ಪುಟ್ಟ ಮೊಸಳೆಯ ಆಕಾರದಲ್ಲಿ ಎಲೆಯ ಮೇಲೆ ಓಡಾಡುತ್ತಿರುತ್ತದೆ. ಆರು ಚುಕ್ಕಿಯದು ಎಂಬ ಹೆಸರು ಹೊತ್ತ ಕೈಲೊಮೆನೆಸ್ ಎಂಬ ಉಪಕಾರಿ ಹುಳುವಿನಲ್ಲಿ ಚುಕ್ಕಿಗಳು ಅಂಕುಡೊಂಕು ಪಟ್ಟೆಗಳಾಗಿರುವುದೂ ಉಂಟು, ಬಹುಪಾಲು ಕಪ್ಪಾಗಿರುವುದೂ ಉಂಟು.

ಇದಕ್ಕಿಂತ ನೋವಿನ ಸಂಗತಿ ಕ್ರಿಪ್ಟೊಲೀಮಸ್‌ನದು. ಅದು ಆಸ್ಟ್ರೇಲಿಯಾದ ಗುಲಗಂಜಿ ಹುಳು. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು ಭಾರತಕ್ಕೆ ತಂದರು. ಆ ಕೆಲಸದಲ್ಲಿ ಅದು ಗೆಲ್ಲಲಿಲ್ಲ, ಆದರೆ ಹಿಟ್ಟು ತಿಗಣೆಗಳನ್ನು ತಿಂದು ಇಲ್ಲೇ ನೆಲೆಸಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಬೆಳೆಸಿ ತೋಟಗಳಿಗೆ ಬಿಡುತ್ತಾರೆ. ಅದರ ಮರಿಯ ಮೈಮೇಲೆ ಬಿಳಿ ಮೇಣದ ಎಳೆಗಳಿರುವುದರಿಂದ ನೋಡಲು ಥೇಟು ಹಿಟ್ಟು ತಿಗಣೆಯೇ. ದುಡ್ಡು ಕೊಟ್ಟು ತಂದು ಬಿಟ್ಟ ದುಂಬಿಯ ಮರಿಗಳನ್ನೇ ಸೀಬೆ ತೋಟವೊಂದರಲ್ಲಿ "ತಿಗಣೆ ಇನ್ನೂ ಜಾಸ್ತಿಯಾಗಿದೆ" ಎಂದು ಔಷಧಿ ಹೊಡೆದು ಕೊಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಡ್ಡಿಯಿಂದ ಮುಟ್ಟಿ ನೋಡಿದ್ದರೆ ಸಾಕಿತ್ತು. ತಿಗಣೆ ಗಿಡಕ್ಕೆ ಅಂಟಿಕೊಂಡೇ ಇರುತ್ತದೆ, ದುಂಬಿಯ ಮರಿ ಚುರುಕಾಗಿ ನಡೆದು ಹೋಗುತ್ತದೆ, ಗಾತ್ರದಲ್ಲೂ ದೊಡ್ಡದು.

ಹಾಗಾದರೆ ನೋಡಬೇಕಾದದ್ದೇನು? ಕುಡಿಮೀಸೆ, ಬಾಯಿ, ಪಾದ. ಕುಡಿಮೀಸೆಯ ತುದಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಎಸಳುಗಳಾಗಿದ್ದರೆ ಅದು ಸಗಣಿ ಹುಳು, ಕುರುವಾಯಿ, ಹೂದುಂಬಿಗಳ ಬಳಗ. ಮೈಗಿಂತ ಉದ್ದದ ಮೀಸೆಯಿದ್ದರೆ ಬಹುಮಟ್ಟಿಗೆ ಕಾಂಡಕೊರಕಗಳ ಕುಟುಂಬ. ಮುಖವೇ ಮೂತಿಯಾಗಿ ಚಾಚಿ, ಮೀಸೆ ಆ ಮೂತಿಯ ಮೇಲಿಂದ ಮೊಣಕೈಯಂತೆ ಮಡಚಿ ಹೊರಟಿದ್ದರೆ ಮೂತಿ ಹುಳು.

ಪಾದದ ಗೆಣ್ಣುಗಳನ್ನು ಎಣಿಸಲು ಹತ್ತು ಪಟ್ಟು ಹಿಗ್ಗಿಸುವ ಕೈಲೆನ್ಸ್ ಬೇಕು. ಇದು ಬೇಸರದ ಕೆಲಸ ಎನ್ನುವವರಿದ್ದಾರೆ, ನನಗೆ ಇದರಷ್ಟು ಇಷ್ಟದ ಕೆಲಸ ಇನ್ನೊಂದಿಲ್ಲ. ನೆಲದ ಮೇಲೆ ಓಡುವ ಕಪ್ಪು ದುಂಬಿ ಸಿಕ್ಕಿತು ಎನ್ನಿ. ಮೂರು ಜೋಡಿ ಕಾಲುಗಳಲ್ಲೂ ಐದೈದು ಗೆಣ್ಣಿದ್ದರೆ ಅದು ಬೇರೆ ಹುಳುಗಳನ್ನು ಬೇಟೆಯಾಡುವ ನೆಲದುಂಬಿ ಇರಬಹುದು. ಮುಂದಿನ ಎರಡು ಜೋಡಿಯಲ್ಲಿ ಐದು, ಹಿಂದಿನ ಜೋಡಿಯಲ್ಲಿ ಮಾತ್ರ ನಾಲ್ಕಿದ್ದರೆ ಅದು ಕೊಳೆತದ್ದನ್ನು, ಹಿಟ್ಟು ಧಾನ್ಯಗಳನ್ನು ತಿನ್ನುವ ಇನ್ನೊಂದು ಕುಟುಂಬ. ಕೇರಳದ ರಬ್ಬರ್ ತೋಟಗಳ ಬಳಿ ಮುಂಗಾರಿನ ಮುನ್ನ ಲಕ್ಷಗಟ್ಟಲೆ ಮನೆಗಳಿಗೆ ನುಗ್ಗುವ ಮುಪ್ಲಿ ಹುಳು ಈ ಎರಡನೆಯ ಗುಂಪಿನದು. ಅದು ಬರುವುದು ರಬ್ಬರಿನ ಒಣ ತರಗೆಲೆ ತಿಂದು, ಮಳೆಗಾಲಕ್ಕೆ ಒಣ ಜಾಗ ಹುಡುಕಿಕೊಂಡು. ಸುಳ್ಯ ಕಡೆಯಿಂದಲೂ "ಮನೆಯ ಮಾಡಿನಲ್ಲಿ ಕಪ್ಪು ಹುಳು ತುಂಬಿದೆ, ಕಚ್ಚುತ್ತದಾ?" ಎಂದು ಕೇಳುತ್ತಾರೆ. ಹಿಂಗಾಲಿನ ಗೆಣ್ಣು ಎಣಿಸಿದರೆ ಬೇಟೆಗಾರ ದುಂಬಿಯಲ್ಲ ಎಂಬಷ್ಟು ತಿಳಿಯುತ್ತದೆ. ಕಚ್ಚುವುದಿಲ್ಲ, ಆದರೆ ಒತ್ತಿದರೆ ಕೆಟ್ಟ ವಾಸನೆಯ ದ್ರವ ಬಿಡುತ್ತದೆ, ಅದು ಚರ್ಮಕ್ಕೆ ಉರಿ.

ಇನ್ನು ಕೆಲವು ಕುಟುಂಬಗಳಲ್ಲಿ ಐದು ಗೆಣ್ಣಿದ್ದೂ ನಾಲ್ಕೇ ಕಾಣುತ್ತವೆ. ಕಾಂಡಕೊರಕ, ಎಲೆದುಂಬಿ, ಮೂತಿ ಹುಳುಗಳಲ್ಲಿ ಒಂದು ಗೆಣ್ಣು ತೀರ ಚಿಕ್ಕದಾಗಿ ಹಾಲೆಗಳ ನಡುವೆ ಅಡಗಿರುತ್ತದೆ. ಎಣಿಕೆ ತಪ್ಪಿತೆಂದು ಬೇಸರಪಡಬೇಡಿ, ಎಲ್ಲರಿಗೂ ತಪ್ಪಿದೆ.

ಬರಿಗೈಯಲ್ಲಿ ಮುಟ್ಟಲೇಬಾರದ ಎರಡು ದುಂಬಿಗಳನ್ನು ಮಾತ್ರ ಚಿತ್ರ ನೋಡಿಯಾದರೂ ಕಲಿತಿರಿ. ದಾಸವಾಳ, ಬೆಂಡೆ, ತೊಗರಿ ಹೂಗಳನ್ನು ತಿನ್ನುವ, ಕಪ್ಪು ಮೈಗೆ ಕಿತ್ತಳೆ ಪಟ್ಟೆಯ ಬೊಕ್ಕೆದುಂಬಿ ಒಂದು. ಅದರ ಮೈರಸ ತಾಗಿದಲ್ಲಿ ನೀರುಗುಳ್ಳೆ ಏಳುತ್ತದೆ. ಇನ್ನೊಂದು ಪೀಡೆರಸ್. ಸೆಂಟಿಮೀಟರಿಗೂ ಚಿಕ್ಕದು, ಕಿತ್ತಳೆ ಕಪ್ಪು ಮೈ, ಗಿಡ್ಡ ರೆಕ್ಕೆ, ಥಟ್ಟನೆ ನೋಡಿದರೆ ಇರುವೆ ಎನ್ನಬೇಕು. ಮಳೆಗಾಲದ ರಾತ್ರಿ ದೀಪಕ್ಕೆ ಬಂದು ಕುತ್ತಿಗೆಯ ಮೇಲೆ ಕೂತಾಗ ಉಜ್ಜಿಬಿಟ್ಟರೆ ಬೆಳಿಗ್ಗೆ ಸುಟ್ಟಂತೆ ಉದ್ದ ಗೀರು. ಇದನ್ನು ಸರ್ಪಸುತ್ತು ಎಂದುಕೊಂಡು ಹೆದರುವವರು ಬಹಳ. ಹುಳು ಕಚ್ಚಿದ್ದಲ್ಲ, ಜಜ್ಜಿದಾಗ ಅದರ ಒಳಗಿನ ವಿಷ ಚರ್ಮಕ್ಕೆ ಹತ್ತಿದ್ದು. ಊದಿ ಹಾರಿಸಿ, ಸೋಪು ಹಚ್ಚಿ ತೊಳೆದುಕೊಳ್ಳಿ, ಗುಳ್ಳೆ ಎದ್ದರೆ ವೈದ್ಯರಿಗೆ ತೋರಿಸಿ.

ಈಗ ಚಿತ್ರದ ಮಿತಿಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಲೆನಾಡಿನ ಒಬ್ಬರು ಕಂದು ಬಣ್ಣದ ದುಂಬಿಯ ಚಿತ್ರ ಕಳಿಸಿದರು. ತೋಟದ ಮಣ್ಣಲ್ಲಿ ಬೇರು ಹುಳು ಇದೆ ಎಂದರು. ನಾನು ಕಬ್ಬಿಗೆ ಬೀಳುವ ಹೊಲೊಟ್ರೈಕಿಯಾ ಸೆರ್ರಾಟಾ ಎಂದು ಖಚಿತವಾಗಿ ಬರೆದುಬಿಟ್ಟೆ. ಮೊದಲ ಮಳೆ ಬಿದ್ದ ಸಂಜೆ ಬೇವು, ಜಾಲಿ ಮರ ಅಲ್ಲಾಡಿಸಿ ದುಂಬಿ ಹಿಡಿಯಿರಿ ಎಂದೂ ಹೇಳಿದೆ. ಅವರು ವಾರವಿಡೀ ಸಂಜೆ ಚೀಲ ಹಿಡಿದು ಮರದಡಿ ನಿಂತರು, ಒಂದೂ ಬೀಳಲಿಲ್ಲ. ಆಮೇಲೆ ಹುಳುವನ್ನೇ ತರಿಸಿಕೊಂಡು, ಗಂಡಿನ ಜನನಾಂಗ ಬಿಡಿಸಿ ನೋಡಿದಾಗ ಅದು ಬೇರೆಯೇ ಕುಲದ್ದೆಂದು ಗೊತ್ತಾಯಿತು. ಬೇರು ಹುಳುಗಳಲ್ಲಿ ಕೆಲವಕ್ಕೆ ಒಂದು ವರ್ಷದ ಬಾಳು, ಕೆಲವಕ್ಕೆ ಎರಡು. ಹೆಸರು ತಪ್ಪಿದರೆ ಉಪಚಾರದ ತಿಂಗಳೇ ತಪ್ಪುತ್ತದೆ. ಆ ಮನೆಯವರ ಒಂದು ವರ್ಷದ ಅಡಿಕೆಗೆ ನನ್ನ ಅವಸರದಿಂದ ಪೆಟ್ಟು ಬಿತ್ತು. ಅಂದಿನಿಂದ ಕಂದು ದುಂಬಿಯ ಚಿತ್ರ ಬಂದರೆ ಕುಟುಂಬದ ಹೆಸರಷ್ಟೇ ಹೇಳಿ, ಹುಳುವನ್ನು ಕಳಿಸಿ ಎನ್ನುತ್ತೇನೆ. ಮರಿಯಾದರೆ ಬಾಲದ ತುದಿಯ ಅಡಿಭಾಗದ ಮುಳ್ಳುಗೂದಲು ಯಾವ ಸಾಲಿನಲ್ಲಿವೆ ಎಂದು ಲೆನ್ಸಿನಡಿ ನೋಡಿ ಎಷ್ಟೋ ಸಲ ಕುಲ ಹೇಳಬಹುದು.

ಆದರೂ ಚಿತ್ರ ತೆಗೆಯಿರಿ. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದು ಒಂದು, ಮಗುಚಿ ಹೊಟ್ಟೆಯ ಕಡೆಯದು ಒಂದು. ಪಕ್ಕದಲ್ಲಿ ಅಳತೆಪಟ್ಟಿ ಇಡಿ. ಜೊತೆಗೆ ಊರು, ದಿನಾಂಕ, ಹೊತ್ತು, ಯಾವ ಗಿಡದ ಮೇಲೆ ಏನು ಮಾಡುತ್ತಿತ್ತು ಎಂದು ಬರೆಯಿರಿ. ಈ ಒಂದು ಸಾಲು ನನಗೆ ನಾಲ್ಕು ಚಿತ್ರಕ್ಕೆ ಸಮ. ಕೊಡಗಿನಿಂದ ಬಿಳಿ ಪಟ್ಟೆಯ ತೆಳ್ಳನೆಯ ಕಾಂಡಕೊರಕ ಬಂತು ಎನ್ನಿ. ನವೆಂಬರ್ ತಿಂಗಳು, ಬಿಸಿಲು ಏರಿದ ಹೊತ್ತು, ಅರೇಬಿಕಾ ಗಿಡದ ಕಾಂಡದ ಮೇಲೆ ಎಂದು ಬರೆದಿದ್ದರೆ ಕಾಫಿಯ ಬಿಳಿ ಕಾಂಡಕೊರಕದ ಅನುಮಾನ ಬಲವಾಗುತ್ತದೆ. ಅದು ಹಾರುವುದೇ ಏಪ್ರಿಲ್–ಮೇ ಮತ್ತು ಅಕ್ಟೋಬರ್–ಡಿಸೆಂಬರ್ ಹೊತ್ತಿಗೆ. ಅದೇ ಪಟ್ಟೆಯ ಹುಳು ಆಗಸ್ಟಿನಲ್ಲಿ ಬೇಲಿಯ ಹೂವಿನ ಮೇಲೆ ಸಿಕ್ಕಿದ್ದರೆ ನಾನು ಮೊದಲು ಅದರ ದಾಯಾದಿಗಳನ್ನು ನೆನೆಯುತ್ತೇನೆ. ಮೊಬೈಲ್ ಆ್ಯಪ್‌ಗಳು ಹೇಳುವ ಹೆಸರನ್ನು ಕುಟುಂಬದ ಮಟ್ಟಕ್ಕೆ ಸುಳಿವೆಂದು ತೆಗೆದುಕೊಳ್ಳಿ, ಪ್ರಭೇದದ ಮಟ್ಟಕ್ಕೆ ಅಲ್ಲ.

ಹುಳುವನ್ನೇ ಕಳಿಸುವುದಾದರೆ ದುಂಬಿಯನ್ನು ಫ್ರೀಜರಿನಲ್ಲಿಟ್ಟು ಹತ್ತಿಯಲ್ಲಿ ಸುತ್ತಿ. ಮರಿಯನ್ನು ಬಿಸಿನೀರಲ್ಲಿ ಅದ್ದಿ ಆಮೇಲೆ ಶೇ. 70ರ ಆಲ್ಕೋಹಾಲಿಗೆ ಹಾಕಿ, ಇಲ್ಲದಿದ್ದರೆ ಕಪ್ಪಾಗುತ್ತದೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ. ಇದೆಲ್ಲ ನಿಮ್ಮ ಹೊಲ, ತೋಟದ ಮಾತು. ಕಾಯ್ದಿಟ್ಟ ಕಾಡಿನಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳುವನ್ನೂ ತರಬೇಡಿ.

ಬಂಟ್ವಾಳದವರ ಮಗಳು ಹೈಸ್ಕೂಲಿನಲ್ಲಿ ಓದುತ್ತಿದ್ದಳು. ಉಲ್ಟಾ ಹೋಗುವ ಮೂರು ಮರಿಗಳನ್ನು ಹಾರ್ಲಿಕ್ಸ್ ಬಾಟಲಿಗೆ ಗೊಬ್ಬರ ತುಂಬಿ ಸಾಕಿದಳು. ಮರಿ ಯಾವುದೆಂದು ಖಾತ್ರಿಯಾಗಿ ತಿಳಿಯಲು ಹೀಗೆ ಸಾಕುವುದೇ ನಂಬಿಕೆಯ ದಾರಿ. ಅವು ಮಣ್ಣಿನ ಗೂಡು ಕಟ್ಟಿಕೊಂಡವು. ಒಂದು ದಿನ ಅಪ್ಪನ ಫೋನಿನಿಂದ ಚಿತ್ರ ಬಂತು: ಹೊಳೆಯುವ ದುಂಬಿ, ಬೆನ್ನಿನ ಮೇಲೆ ಬಿಳಿಯ ಸಣ್ಣ ಗೀರುಗಳು. "ಸರ್, ಇದು ಚಿಪ್ಪು ಬಿಚ್ಚದೇ ಹಾರ್ತದೆ. ಹೆಸರು ಎಂತ?" ಹೂದುಂಬಿಗಳು ಹಾರುವುದೇ ಹಾಗೆ, ಮೇಲಿನ ಚಿಪ್ಪು ಮುಚ್ಚಿಯೇ ಇದ್ದು ಕೆಳಗಿನಿಂದ ರೆಕ್ಕೆ ಚಾಚುತ್ತವೆ. ಹೇಳಿಕೊಡದೆ ಅವಳೇ ಅದನ್ನು ಕಂಡಿದ್ದಳು. ಪ್ರೊಟೇಷಿಯಾ ಕುಲದ್ದಿರಬೇಕು, ಪ್ರಭೇದ ಹೇಳಲು ಹುಳು ಬೇಕು ಎಂದು ಬರೆದೆ. ಒಂದು ತಾನಾಗಿ ಸತ್ತ ಮೇಲೆ ಕಳಿಸುತ್ತೇನೆ, ಉಳಿದ ಎರಡನ್ನು ಗೊಬ್ಬರದ ಗುಂಡಿಯ ಹತ್ತಿರ ಬಿಡುತ್ತೇನೆ ಎಂದಳು. ಸೆಪ್ಟೆಂಬರಿನಲ್ಲಿ ಹತ್ತಿ ಸುತ್ತಿದ ಬೆಂಕಿಪೊಟ್ಟಣ ಬಂತು. ಒಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ: ಊರು, ಗುಂಡಿಯಿಂದ ತೆಗೆದ ದಿನ, ದುಂಬಿಯಾಗಿ ಹೊರಬಂದ ದಿನ.