ಅಡಿಕೆ ತೋಟಕ್ಕೆ ಕಾಫಿ: ಸಸಿ ತರುವ ಮೊದಲು ಅದರ ಸಂಬಂಧ ತಿಳಿಯಿರಿ

ಸುಳ್ಯದ ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ಅಡಿಕೆ ತೋಟಗಳನ್ನು ಬರಿದು ಮಾಡಿದ ಮೇಲೆ ಕರಾವಳಿಯ ಕೃಷಿಕರು ಕಾಫಿಯ ಕಡೆ ನೋಡತೊಡಗಿದ್ದಾರೆ. ಬೆಳ್ತಂಗಡಿ, ಪುತ್ತೂರಿನ ತೋಟಗಳಲ್ಲೂ ಅಡಿಕೆಯ ನಡುವೆ ರೊಬಸ್ಟಾ ಗಿಡ ಏಳುತ್ತಿದೆ. ಗೊಬ್ಬರ, ನೆರಳು, ಖರ್ಚಿನ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ. ಈ ಗಿಡ ಯಾವುದರ ಪರಾಗದಿಂದ ಕಾಯಿ ಕಚ್ಚುತ್ತದೆ ಎಂದು ವಿಚಾರಿಸುವವರು ಕಡಿಮೆ. ಇಳುವರಿಯ ಅರ್ಧ ಲೆಕ್ಕ ಇರುವುದೇ ಅಲ್ಲಿ.

ಕಾಫಿ ನಮಗೆ ತೀರಾ ಪರಕೀಯ ಗಿಡವಲ್ಲ. ಗುಡ್ಡದಲ್ಲಿ ಕೆಂಪಗೆ ಅರಳುವ ಕೇಪಳದ್ದೂ ಇದೇ ಕುಟುಂಬ, ರೂಬಿಯೇಸಿ. ಎರಡರ ರೆಂಬೆಯನ್ನೂ ಕೈಗೆತ್ತಿಕೊಂಡು ನೋಡಿ: ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಎರಡು ತೊಟ್ಟುಗಳ ನಡುವೆ ಕಾಂಡಕ್ಕೆ ಅಂಟಿಕೊಂಡಂತೆ ಸಣ್ಣ ಮುಕ್ಕೋನದ ಪೊರೆ ಇರುತ್ತದೆ. ಕಾಫಿ ಎಲೆಯನ್ನು ಮಗುಚಿ ಬೆಳಕಿಗೆ ಹಿಡಿದರೆ, ನಡುನರದಿಂದ ಅಡ್ಡನರ ಕವಲೊಡೆಯುವ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಗುಳಿಗಳು ಕಾಣುತ್ತವೆ. ಅದು ರೋಗವೂ ಅಲ್ಲ, ಹುಳ ಚುಚ್ಚಿದ್ದೂ ಅಲ್ಲ. ಸಣ್ಣ ನುಸಿಗಳು ಅದರೊಳಗೆ ವಾಸ ಮಾಡುತ್ತವೆ. ಔಷಧಿ ಹೊಡೆಯಲು ಹೋಗಬೇಡಿ.

ಕಾಫಿಯಾ ಕುಲದಲ್ಲಿ 120ಕ್ಕೂ ಹೆಚ್ಚು ಪ್ರಭೇದಗಳಿವೆ. ಹೆಚ್ಚಿನವು ಆಫ್ರಿಕಾ ಮತ್ತು ಮಡಗಾಸ್ಕರ್‌ನ ಕಾಡಿನವು. ಟ್ರಾವಂಕೊರೆನ್ಸಿಸ್, ವೈಟಿಯಾನಾದಂಥ ಕೆಲವು ದಕ್ಷಿಣ ಭಾರತದ್ದೇ. ಲೋಕ ಕುಡಿಯುವ ಕಾಫಿ ಮಾತ್ರ ಬಹುಪಾಲು ಅರೇಬಿಕಾ ಮತ್ತು ರೊಬಸ್ಟಾ ಎಂಬ ಎರಡರಿಂದಲೇ ಬರುತ್ತದೆ. ಇವೆರಡೂ ಒಂದೇ ಗಿಡದ ಎರಡು ತಳಿಗಳೆಂಬ ಭಾವನೆ ಬಹಳ ಮಂದಿಗಿದೆ. ನಿಜವಾಗಿ ಇವು ಬೇರೆ ಬೇರೆ ಪ್ರಭೇದಗಳು, ಸಂಸಾರ ಮಾಡುವ ರೀತಿಯೂ ಬೇರೆ.

ರೊಬಸ್ಟಾ, ಅಂದರೆ ಕಾಫಿಯಾ ಕೆನಿಫೊರಾ, 22 ವರ್ಣತಂತುಗಳ ಗಿಡ. ಅರೇಬಿಕಾದಲ್ಲಿ 44 ಇವೆ. ಬಹಳ ಹಿಂದೆ ಆಫ್ರಿಕಾದ ಕಾಡಿನಲ್ಲಿ ಯುಜೀನಿಯಾಯ್ಡಿಸ್ ಎಂಬ ಪ್ರಭೇದದ ಹೂವಿಗೆ ಕೆನಿಫೊರಾದ ಪರಾಗ ಬಿದ್ದು, ಎರಡರ ವರ್ಣತಂತುಗಳೂ ಪೂರ್ತಿಯಾಗಿ ಉಳಿದು ಅರೇಬಿಕಾ ಹುಟ್ಟಿತು. 2024ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಇದನ್ನು ಸುಮಾರು 6 ಲಕ್ಷ ವರ್ಷ ಹಿಂದಿನ ಘಟನೆ ಎಂದು ಅಂದಾಜು ಮಾಡಿದೆ. ಹೀಗೆ ಬಂದ ಅರೇಬಿಕಾ ತನ್ನ ಪರಾಗದಿಂದಲೇ ತಾನು ಕಾಯಿ ಕಟ್ಟುತ್ತದೆ. ಹತ್ತರಲ್ಲಿ ಒಂಬತ್ತು ಹೂ ಹಾಗೆಯೇ ಫಲಿಸುತ್ತದೆ. ಬೀಜದಿಂದ ಎಬ್ಬಿಸಿದರೂ ಸಸಿ ಬಹುಮಟ್ಟಿಗೆ ತಾಯಿಯಂತೆಯೇ ಇರುತ್ತದೆ. ಕೃಷಿಕನಿಗೆ ಇದು ಅನುಕೂಲವೇ. ಆದರೆ ಕುಲದೊಳಗೆ ಹೊಸ ರಕ್ತ ಸೇರುವುದಿಲ್ಲ.

ಅದರ ಮೇಲೆ ಮನುಷ್ಯ ಅದನ್ನು ಇನ್ನಷ್ಟು ಇಕ್ಕಟ್ಟಿಗೆ ತಳ್ಳಿದ. ಇಥಿಯೋಪಿಯಾದ ಕಾಡಿನ ಅರೇಬಿಕಾದಲ್ಲಿ ಕೆಲವಷ್ಟೇ ಯೆಮನ್‌ಗೆ ಬಂದವು. ಅಲ್ಲಿಂದ 1670ರ ಸುಮಾರಿಗೆ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಚಂದ್ರಗಿರಿಯಲ್ಲಿ ಬಿತ್ತಿದರು ಎನ್ನುವುದು ಪರಂಪರೆಯ ಮಾತು. 1690ರ ದಶಕದಲ್ಲಿ ಡಚ್ಚರು ಮಲಬಾರ್ ಕರಾವಳಿಯಿಂದ ಜಾವಾಕ್ಕೆ ಸಸಿ ಒಯ್ದರು. ಜಾವಾದಿಂದ 1706ರಲ್ಲಿ ಆಮ್‌ಸ್ಟರ್‌ಡ್ಯಾಮ್ ತಲುಪಿದ ಗಿಡದ ಸಂತತಿಯೇ ಟಿಪಿಕಾ ಎಂಬ ಹೆಸರಲ್ಲಿ ಅಮೆರಿಕ ಖಂಡದ ತೋಟಗಳಿಗೆ ಹಬ್ಬಿತು. ಅರ್ಧ ಭೂಗೋಳದ ತೋಟಗಳು ಬೆರಳೆಣಿಕೆಯ ಗಿಡಗಳ ಮಕ್ಕಳು!

ಇದಕ್ಕೆ ಬೆಲೆ ತೆತ್ತದ್ದು ಎಲೆ ತುಕ್ಕು ರೋಗದಲ್ಲಿ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡ ಈ ಶಿಲೀಂಧ್ರ ಅಲ್ಲಿನ ಕಾಫಿಯನ್ನೇ ಮುಗಿಸಿ, ತೋಟಗಳು ಚಹಾಕ್ಕೆ ತಿರುಗಿದವು. ನಮ್ಮ ಘಟ್ಟದ ಮೇಲೆ 1911ರಲ್ಲಿ ಆರಿಸಿದ ಕೆಂಟ್ಸ್ ತಳಿ ಕೆಲವು ಕಾಲ ತಡೆದುಕೊಂಡಿತು. ಅಷ್ಟರಲ್ಲಿ ಶಿಲೀಂಧ್ರದ ಬೇರೆ ವಂಶ ಹುಟ್ಟಿಕೊಂಡು ಅದನ್ನೂ ಹಿಡಿಯಿತು. ತುಕ್ಕಿಗೆ ಹೀಗೆ ಹಲವು ವಂಶಗಳಿವೆ ಎಂದು 1930ರ ದಶಕದಲ್ಲಿ ಮೊದಲು ತೋರಿಸಿಕೊಟ್ಟದ್ದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದ ವಿಲ್ಸನ್ ಮೇಯ್ನ್. ಕೇಂದ್ರದ ಮುಂದಿನ ದೊಡ್ಡ ಕೊಡುಗೆ ಎಸ್.795 ಎಂಬ ಅರೇಬಿಕಾ ತಳಿ. ಅದರ ರಕ್ಷಣೆಯ ಜೀನ್ ಬಂದದ್ದು ಲೈಬೀರಿಕಾ ಎಂಬ ಇನ್ನೊಂದು ಪ್ರಭೇದದಿಂದ. 1927ರಲ್ಲಿ ಟಿಮೋರ್ ದ್ವೀಪದಲ್ಲಿ ತಾನಾಗಿಯೇ ಆದ ಅರೇಬಿಕಾ–ರೊಬಸ್ಟಾ ಮಿಶ್ರಗಿಡ ಸಿಕ್ಕಿತು. ನಮ್ಮ ಕಾವೇರಿ, ಚಂದ್ರಗಿರಿ ತಳಿಗಳ ವಂಶದಲ್ಲಿ ಅದರ ಅಂಶವಿದೆ. ಪ್ರತಿ ಸಲವೂ ಅರೇಬಿಕಾವನ್ನು ಕಾಪಾಡಿದ್ದು ಹೊರಗಿನ ಸಂಬಂಧ. 2019ರ ಸಮೀಕ್ಷೆಯೊಂದರ ಪ್ರಕಾರ ಕಾಡು ಕಾಫಿ ಪ್ರಭೇದಗಳಲ್ಲಿ ಶೇ. 60 ಅಳಿವಿನ ಅಂಚಿನಲ್ಲಿವೆ. ಕಾಫಿ ಬೀಜ ಕೆಲವೇ ತಿಂಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ ಭತ್ತದಂತೆ ಒಣಗಿಸಿ ಡಬ್ಬದಲ್ಲಿ ವರ್ಷಗಟ್ಟಲೆ ಕಾಪಿಡಲಾಗದು. ಗಿಡವನ್ನು ನೆಲದಲ್ಲೇ ಬೆಳೆಸಿ ಉಳಿಸಬೇಕು. ಈ ನಷ್ಟದ ಬಗ್ಗೆ ಕಾಫಿ ನಾಡಿನಲ್ಲೇ ಸಾಕಷ್ಟು ಕಳವಳ ಇಲ್ಲದಿರುವುದು ಬೇಸರದ ಸಂಗತಿ.

ಕರಾವಳಿಗೆ ಅರೇಬಿಕಾ ಬೇಡ. ಅದಕ್ಕೆ ಒಗ್ಗುವುದು 1000 ಮೀಟರಿಗಿಂತ ಮೇಲಿನ ತಂಪು. ಕೆಳಗಿನ ಸೆಕೆಯಲ್ಲಿ ಮೊಗ್ಗು ಸರಿಯಾಗಿ ಬಿಡಿಸದೆ ಹಸಿರು ಎಸಳಿನ ಗಿಡ್ಡ ನಕ್ಷತ್ರದಂತೆ ನಿಂತುಬಿಡುತ್ತದೆ, ಕಾಯಿ ಕಚ್ಚುವುದಿಲ್ಲ. ಬಿಳಿ ಕಾಂಡಕೊರಕಕ್ಕೂ ಅದು ಸುಲಭದ ತುತ್ತು. ರೊಬಸ್ಟಾಕ್ಕೆ ಈ ಕೊರಕದ ಕಾಟವಿಲ್ಲ, ತುಕ್ಕನ್ನೂ ತಡೆಯುತ್ತದೆ. ಕೆಫೀನ್ ಅರೇಬಿಕಾಕ್ಕಿಂತ ಸುಮಾರು ಎರಡು ಪಾಲು. ಆದರೆ ಬೇರು ಮೇಲ್ಮಣ್ಣಿನಲ್ಲೇ ಹರಡುವುದರಿಂದ ಆಟಿಯ ಮಳೆಗೆ ನೀರು ನಿಂತರೆ ಸೊರಗುತ್ತದೆ. ಅಡಿಕೆಯ ಉಜಿರುಕಣಿ, ಅಂದರೆ ನೀರು ಬಸಿದುಹೋಗುವ ಕಾಲುವೆ, ಚೆನ್ನಾಗಿರುವ ತೋಟಕ್ಕೆ ಮಾತ್ರ ಇಳಿಸಿ.

ಇನ್ನು ಮುಖ್ಯ ವಿಷಯ. ರೊಬಸ್ಟಾ ತನ್ನ ಪರಾಗವನ್ನು ತಾನು ಒಪ್ಪುವುದಿಲ್ಲ. ಪರಾಗ ಶಲಾಕಾಗ್ರದ (ಹೂವಿನಲ್ಲಿ ಪರಾಗ ಹಿಡಿಯುವ ತುದಿ) ಮೇಲೆ ಬಿದ್ದು ಮೊಳೆತು ನಾಳ ಕೆಳಗಿಳಿಯಬೇಕು. ಪರಾಗದಲ್ಲಿರುವ ಗುರುತಿನ ಜೀನ್ ಹೂವಿನ ಎರಡು ಜೀನ್‌ಗಳಲ್ಲಿ ಒಂದಕ್ಕೆ ಹೊಂದಿದರೂ ನಾಳ ನಡುದಾರಿಯಲ್ಲೇ ನಿಲ್ಲುತ್ತದೆ. ಸಗೋತ್ರದಲ್ಲಿ ಮದುವೆ ಇಲ್ಲ ಎನ್ನುವ ಕಟ್ಟಳೆ ಇದ್ದಂತೆ. ಒಂದು ಗಿಡದ ಕಡ್ಡಿಗಳಿಂದಲೇ ಐನೂರು ಸಸಿ ಮಾಡಿ ನೆಟ್ಟರೆ, ಜೀನ್‌ಗಳ ಲೆಕ್ಕದಲ್ಲಿ ಅಲ್ಲಿರುವುದು ಒಂದೇ ಗಿಡ. ಬೆಳ್ಳಗೆ ಹೂವಾಗುತ್ತದೆ, ಘಮಘಮಿಸುತ್ತದೆ, ಕಾಯಿ ನಿಲ್ಲುವುದಿಲ್ಲ. ಹೀಗೆ ಒಂದೇ ಗಿಡದ ಕಡ್ಡಿಯಿಂದ ಮಾಡಿದ ಸಸಿಗಳನ್ನು ಒಂದು ಕ್ಲೋನ್ ಎನ್ನುತ್ತಾರೆ. ಎರಡು ಕ್ಲೋನ್ ಇದ್ದರೂ ಅವು ಒಂದೇ ಗುರುತಿನವಾದರೆ ಫಲವಿಲ್ಲ. ಬ್ರೆಜಿಲ್‌ನ ವಿಟೋರಿಯಾ ಎಂಬ ತಳಿ ಕೇಳಲು ಒಂದು ಹೆಸರು, ನಿಜವಾಗಿ 13 ಕ್ಲೋನ್‌ಗಳ ಗುಂಪು. ಕ್ಲೋನ್ ಸಸಿ ಕೊಳ್ಳುವವರು ನರ್ಸರಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಇದರಲ್ಲಿ ಎಷ್ಟು ತಾಯಿಗಿಡಗಳ ಸಸಿ ಇದೆ? ಉತ್ತರ ಬಾರದಿದ್ದರೆ ಬೀಜದ ಸಸಿಯೇ ಮೇಲು.

ಪರಾಗ ಹಗುರವಾದದ್ದರಿಂದ ಗಾಳಿಯಲ್ಲೂ ಹೋಗುತ್ತದೆ, ಹೆಜ್ಜೇನು, ತುಡುವೆ, ಮುಜಂಟಿಯೂ ಒಯ್ಯುತ್ತವೆ. ಹೂ ತಾಜಾ ಇರುವುದು ಒಂದೆರಡು ದಿನ, ಅಷ್ಟರಲ್ಲಿ ಪಕ್ಕದ ಗಿಡವೂ ಅರಳಿರಬೇಕು. ಇಲ್ಲಿಯೇ ಅಡಿಕೆ ತೋಟದ ಅಭ್ಯಾಸ ಕಾಫಿಗೆ ಅಡ್ಡ ಬರುತ್ತದೆ. ಕಾಫಿ ಮೊಗ್ಗು ಬೆಳೆದು ನಿದ್ದೆ ಹೋಗುತ್ತದೆ. ಚೆನ್ನಾಗಿ ಬಾಡಿದ ಮೇಲೆ ಒಮ್ಮೆಲೇ ನೀರು ಸಿಕ್ಕಿದರೆ ಏಳೆಂಟು ದಿನದಲ್ಲಿ ಇಡೀ ತೋಟ ಒಟ್ಟಿಗೆ ಅರಳುತ್ತದೆ. ಘಟ್ಟದ ಮೇಲೆ ಇದನ್ನು ಹೂಮಳೆ ಮಾಡಿಕೊಡುತ್ತದೆ. ನಮ್ಮಲ್ಲಿ ಡಿಸೆಂಬರಿನಿಂದಲೇ ಅಡಿಕೆಗೆ ಸ್ಪ್ರಿಂಕ್ಲರ್ ತಿರುಗುತ್ತಿರುತ್ತದೆ. ಬಾಯಾರಿಕೆಯೇ ಆಗದ ಗಿಡ ಇವತ್ತು ನಾಲ್ಕು, ಮುಂದಿನ ವಾರ ಹತ್ತು ಎಂದು ಹೂ ಬಿಡುತ್ತದೆ. ಜೋಡಿ ಸಿಗದೆ ಹೂ ಉದುರುತ್ತದೆ, ಕಚ್ಚಿದ ಕಾಯಿಯೂ ಒಟ್ಟಿಗೆ ಹಣ್ಣಾಗದೆ ಕೊಯ್ಲಿನ ಕೂಲಿ ಏರುತ್ತದೆ. ಅಡಿಕೆಗೆ ಬುಡದಲ್ಲೇ ಹನಿ ನೀರು ಕೊಟ್ಟು, ಕಾಫಿ ಸಾಲನ್ನು ಜನವರಿಯಿಂದ ಬಾಡಲು ಬಿಟ್ಟು, ಫೆಬ್ರವರಿ ಕೊನೆಗೆ ಒಮ್ಮೆಲೇ ಒಂದೂವರೆ ಇಂಚು ನೀರು ಕೊಡುವುದು ಸರಿಯಾದ ದಾರಿ. ಮೂರು ವಾರದೊಳಗೆ ಇನ್ನೊಂದು ಇಂಚು. ಹೂ ಅರಳಿದ ದಿನ ಮಾತ್ರ ಮೇಲಿನಿಂದ ನೀರು ಬೀಳಿಸಬಾರದು, ಪರಾಗ ತೊಳೆದುಹೋಗುತ್ತದೆ.

ಪರಾಗಸ್ಪರ್ಶ ಹೇಗಾಯಿತೆಂದು ಕಾಯಿ ಬಿಡಿಸಿದರೂ ಗೊತ್ತಾಗುತ್ತದೆ. ಅಂಡಾಶಯದಲ್ಲಿ ಎರಡು ಕೋಣೆ, ಕೋಣೆಗೊಂದು ಅಂಡಕ. ಎರಡೂ ಫಲಿಸಿದರೆ ಬೀಜಗಳು ಒಂದಕ್ಕೊಂದು ಒತ್ತಿಕೊಂಡು ಒಳಮೈ ಚಪ್ಪಟೆಯಾಗುತ್ತದೆ. ಒಂದು ಸತ್ತರೆ ಇನ್ನೊಂದು ಜಾಗ ತುಂಬಿ ಉರುಟಾಗುತ್ತದೆ. ಮಂಗಳೂರಿನ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಉದ್ದ ಸೀಳಿನ ಜರಡಿಯಲ್ಲಿ ಬೇರ್ಪಡಿಸಿ ಪೀಬೆರಿ ಎಂದು ಮಾರುವುದು ಇದನ್ನೇ. ಪೀಬೆರಿಗೆ ಗಿರಾಕಿ ಇದೆ ನಿಜ, ಆದರೆ ನಿಮ್ಮ ರಾಶಿಯಲ್ಲಿ ಅದು ವಿಪರೀತ ಹೆಚ್ಚಾದರೆ ತೋಟದಲ್ಲಿ ಪರಾಗ ಸಾಲುತ್ತಿಲ್ಲವೆಂದು ಸಂಶಯಪಡಬೇಕು.

ಬೀಜದಿಂದ ಎಬ್ಬಿಸುವುದಾದರೆ ಎಸ್.274 ಎಂಬ ರೊಬಸ್ಟಾ ತಳಿ ಅಥವಾ ಸಿ×ಆರ್ (ಕಾಂಜೆನ್ಸಿಸ್ ಎಂಬ ಪ್ರಭೇದ ಮತ್ತು ರೊಬಸ್ಟಾದ ಮಿಶ್ರತಳಿ) ತನ್ನಿ. ಸಿ×ಆರ್ ಗಿಡ ಸಣ್ಣ ಹರವಿನದು. 9 ಅಡಿ ಅಂತರದ ಅಡಿಕೆಯಲ್ಲಿ ನಾಲ್ಕು ಮರಗಳ ನಡುಮಧ್ಯಕ್ಕೆ ಹೊಂದುತ್ತದೆ. ಪೂರ್ತಿ ಹಣ್ಣಾದ ಕಾಯಿಯ ಸಿಪ್ಪೆ ತೆಗೆದು, ನೀರಲ್ಲಿ ತೇಲುವುದನ್ನು ಬಿಸಾಡಿ, ಜರಡಿ ಹಿಡಿದ ಬೂದಿ ಬೆರೆಸಿ ನೆರಳಲ್ಲಿ ಒಣಗಿಸಿ ತಡಮಾಡದೆ ಬಿತ್ತಬೇಕು. ಚಪ್ಪಟೆ ಮೈ ಕೆಳಗೆ, ಮೇಲೆ ತೆಳುವಾಗಿ ಮಣ್ಣು, ಅದರ ಮೇಲೆ ಬೈಹುಲ್ಲು. ಸುಮಾರು 45 ದಿನಕ್ಕೆ ಸಸಿ ಬೀಜವನ್ನು ಟೋಪಿಯಂತೆ ಹೊತ್ತು ಮೇಲೆ ಬರುತ್ತದೆ. ಆಗಲೇ ಪ್ಲಾಸ್ಟಿಕ್ ತೊಟ್ಟೆಗೆ ವರ್ಗಾಯಿಸಿ: ಕಾಡುಮಣ್ಣು 6 ಪಾಲು, ಹಟ್ಟಿಗೊಬ್ಬರ 2, ಮರಳು 1. ತಾಯಿಬೇರು ಮಡಚಿ ಕೂತರೆ ಗಿಡ ನಾಲ್ಕೈದು ವರ್ಷ ಹಸಿರಾಗಿಯೇ ಇದ್ದು ಫಸಲಿನ ಹೊತ್ತಿಗೆ ಒಣಗುತ್ತದೆ. ಬೇರು ಉದ್ದವಾಗಿದ್ದರೆ ತುದಿ ಚಿವುಟಿ ನೇರ ಇಳಿಸುವುದೇ ಒಳ್ಳೆಯದು.

ಬೀಜದ ಸಸಿಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ನಾಲ್ಕು ಫಸಲು ನೋಡಿ, ಚೆನ್ನಾಗಿ ಬಿಡುವ ಗಿಡಕ್ಕೆ ಒಂದು ಬಣ್ಣ, ಬಿಡದ್ದಕ್ಕೆ ಇನ್ನೊಂದು ಬಣ್ಣ ಬಳಿಯಿರಿ. ಬಿಡದ ಗಿಡವನ್ನು ಕಿತ್ತೆಸೆಯಬೇಕಿಲ್ಲ. ಮೊಣಕಾಲೆತ್ತರಕ್ಕೆ ಕಡಿದರೆ ಕಂಬಚಿಗುರು ಬರುತ್ತದೆ. ಪೆನ್ಸಿಲ್ ದಪ್ಪವಾದಾಗ ಒಂದೆರಡನ್ನು ಉಳಿಸಿ, ಒಳ್ಳೆಯ ಗಿಡದ ಕುಡಿಯನ್ನು ಸೀಳುಕಸಿ ಮಾಡಬಹುದು. ಕುಡಿ ತೆಗೆಯುವುದು ನೆಟ್ಟಗೆ ಏಳುವ ಕಂಬಚಿಗುರಿನಿಂದ ಮಾತ್ರ. ಅಡ್ಡರೆಂಬೆಯ ಕುಡಿ ಕಸಿಯಾದ ಮೇಲೂ ಅಡ್ಡಕ್ಕೇ ಬೆಳೆದು ನೆಲಕ್ಕೆ ಒರಗುತ್ತದೆ. ಎಲ್ಲ ಕುಡಿಯನ್ನೂ ಅತಿ ಹೆಚ್ಚು ಬಿಟ್ಟ ಒಂದೇ ಗಿಡದಿಂದ ತೆಗೆಯುವ ಆಸೆ ಬರುತ್ತದೆ. ಕನಿಷ್ಠ ಐದಾರು ಗಿಡಗಳಿಂದ ತೆಗೆದು, ಒಂದೇ ತಾಯಿಯವು ಅಕ್ಕಪಕ್ಕ ಬಾರದಂತೆ ಸಾಲಿನಲ್ಲಿ ಹಂಚಿ ಕಟ್ಟಿ.