ಖಂಡಗಳು ಉಜ್ಜಿಕೊಂಡದ್ದರಿಂದಲೇ ಬಂಡೆ ಬೆಂದಿತೇ?

ಓದುಗರ ಪ್ರಶ್ನೆ: ಮಧುರೈ ಸುತ್ತಮುತ್ತಲಿನ ಬಂಡೆಗಳು ಒಂದು ಕಾಲದಲ್ಲಿ 900 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಿದ್ದವಂತೆ. ಖಂಡಗಳು ಢಿಕ್ಕಿಯಾದಾಗ ಹುಟ್ಟಿದ ಘರ್ಷಣೆಯ ಶಾಖವೇ ಇದಕ್ಕೆ ಕಾರಣವಲ್ಲವೇ?

ಅಲ್ಲ. ಈ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ, ಬಂದಾಗಲೆಲ್ಲ ತಪ್ಪು ಉತ್ತರವನ್ನು ಜೊತೆಗೇ ಕಟ್ಟಿಕೊಂಡು ಬಂದಿದೆ. ಆದ್ದರಿಂದ ಈ ಬಾರಿ ತುಸು ವಿವರವಾಗಿಯೇ ಬರೆಯುತ್ತೇನೆ.

ಬಂಡೆ ಕಾದದ್ದು ನಿಜ. ಸುಮಾರು 55 ಕೋಟಿ ವರ್ಷಗಳ ಹಿಂದೆ ಗೊಂಡ್ವಾನಾ ಮಹಾಖಂಡ ಕೂಡಿಕೊಳ್ಳುತ್ತಿದ್ದಾಗ ದಕ್ಷಿಣ ಭಾರತ, ಶ್ರೀಲಂಕಾ, ಮಡಗಾಸ್ಕರ್ ಮತ್ತು ಅಂಟಾರ್ಕ್ಟಿಕಾ ಅಕ್ಕಪಕ್ಕದಲ್ಲಿದ್ದವು. ಮಧುರೈಗೆ ನೈಋತ್ಯದಲ್ಲಿರುವ ರಾಜಪಾಳ್ಯಂ ಕಡೆಯ ಬಂಡೆಯೊಂದನ್ನು ಕೂದಲಿಗಿಂತ ತೆಳುವಾಗಿ, 0.03 ಮಿಲಿಮೀಟರ್ ದಪ್ಪಕ್ಕೆ ಅರೆದು ಸೂಕ್ಷ್ಮದರ್ಶಕದಡಿ ಇಟ್ಟರೆ, ಸಫಿರೀನ್ ಎಂಬ ಖನಿಜ ಕ್ವಾರ್ಟ್ಜ್‌ಗೆ ನೇರವಾಗಿ ತಾಗಿಕೊಂಡಿರುವುದು ಕಾಣುತ್ತದೆ. ಅತ್ಯುಷ್ಣತೆಯಲ್ಲಿ ಮಾತ್ರ ಇವೆರಡೂ ಹೀಗೆ ಜೊತೆಯಾಗಿ ಬಾಳುತ್ತವೆ. ತಣ್ಣಗಾಗುವಾಗ ಬಹುಮಟ್ಟಿಗೆ ಪರಸ್ಪರ ವರ್ತಿಸಿ ಬೇರೆ ಖನಿಜಗಳಾಗುತ್ತವೆ, ಅಲ್ಲಲ್ಲಿ ಮಾತ್ರ ಹಾಗೇ ಉಳಿದಿರುತ್ತವೆ. ಸಾಕ್ಷ್ಯದಲ್ಲಿ ಅನುಮಾನವಿಲ್ಲ, ಅನುಮಾನವಿರುವುದು ಒಲೆಯ ಬಗ್ಗೆ.

ಉಜ್ಜಿದರೆ ಬಿಸಿ ಹುಟ್ಟುತ್ತದೆ ಎಂಬ ಮಾತು ಸುಳ್ಳಲ್ಲ. ಭೂಕಂಪದಲ್ಲಿ ಬಂಡೆ ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದಲ್ಲಿ ಜಾರಿದರೆ ಬಿರುಕಿನುದ್ದಕ್ಕೂ ಕರಗಿಯೂ ಹೋಗಬಹುದು. ಹಾಗೆ ಕರಗಿ ಕೂಡಲೇ ಗಟ್ಟಿಯಾದ ಕಪ್ಪು ಎಳೆಗಳಿಗೆ ಸೂಡೊಟ್ಯಾಕಿಲೈಟ್ ಎಂದು ಹೆಸರು. ಅವುಗಳ ದಪ್ಪ ಸಾಮಾನ್ಯವಾಗಿ ಕೆಲವು ಮಿಲಿಮೀಟರಿನಿಂದ ಕೆಲವು ಸೆಂಟಿಮೀಟರ್. ನಾವು ವಿವರಿಸಬೇಕಾಗಿರುವುದಾದರೋ ಸಾವಿರಾರು ಚದರ ಕಿಲೋಮೀಟರ್ ಹರವಿನಲ್ಲಿ, ಬಿರುಕಿನಿಂದ ದೂರವಿದ್ದ ಭಾಗಗಳೂ ಸೇರಿದಂತೆ, ಇಡೀ ನೆಲದಾಳವೇ ಕಾದದ್ದನ್ನು. ಇನ್ನು ಖಂಡಗಳ ವೇಗ ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಭಾರತ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರಕ್ಕೆ ಸರಿಯುತ್ತಿದೆ, ಹಿಮಾಲಯದ ಢಿಕ್ಕಿ ಶುರುವಾಗಿ ಸುಮಾರು 5 ಕೋಟಿ ವರ್ಷಗಳೇ ಆಗಿವೆ. ಎಲ್ಲಕ್ಕಿಂತ ಮುಖ್ಯವಾದುದನ್ನು ದಯವಿಟ್ಟು ನೆನಪಿಡಿ: ಬಂಡೆ ಕಾದಷ್ಟೂ ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಉಜ್ಜುವ ಬದಲು ಹರಿಯುತ್ತದೆ, ಹರಿದಷ್ಟೂ ಘರ್ಷಣೆಯ ಶಾಖ ತಗ್ಗುತ್ತದೆ. ಅಂದರೆ ಘರ್ಷಣೆ ತನ್ನ ಬಿಸಿಯಿಂದ ತಾನೇ ಕುಗ್ಗುತ್ತದೆ. ಅದರ ಪಾಲು ಸೊನ್ನೆಯೆಂದು ನಾನು ಹೇಳುವುದಿಲ್ಲ; ಆದರೆ ಕೋಟ್ಯಂತರ ವರ್ಷ 900 ಡಿಗ್ರಿಯನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ.

ಹಾಗಾದರೆ ಒಲೆ ಯಾವುದು? ಬಹುಪಾಲು ಬಂಡೆಯೇ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಕ್ಷಯದಿಂದ ಒಂದು ಘನ ಮೀಟರ್ ಗ್ರಾನೈಟಿನಲ್ಲಿ ಎರಡು-ಮೂರು ಮೈಕ್ರೋವ್ಯಾಟ್ ಶಾಖ ಹುಟ್ಟುತ್ತದೆ. ತೀರಾ ಅಲ್ಪ, ಆದರೆ ಹೊರಹೋಗಲು ದಾರಿಯಿಲ್ಲದಿದ್ದರೆ ಹತ್ತು ಲಕ್ಷ ವರ್ಷಕ್ಕೆ ಸುಮಾರು 30 ಡಿಗ್ರಿ ಏರಿಸಲು ಅಷ್ಟೇ ಸಾಕು. ಹರಡಿದ ಗೊಬ್ಬರ ತಣ್ಣಗಿರುತ್ತದೆ, ಅದೇ ಗೊಬ್ಬರವನ್ನು ತಿಪ್ಪೆಯಾಗಿ ಒಟ್ಟಿದರೆ ಒಡಲು ಹಬೆಯಾಡುತ್ತದೆ. ಢಿಕ್ಕಿ ಮಾಡಿದ್ದೂ ಒಟ್ಟುವ ಕೆಲಸವನ್ನೇ. ಸಾಮಾನ್ಯವಾಗಿ 35–40 ಕಿಲೋಮೀಟರ್ ಇರುವ ಭೂಕವಚ ಟಿಬೆಟ್ಟಿನಡಿ ಈಗ ಸುಮಾರು 70 ಕಿಲೋಮೀಟರಿಗೆ ಉಬ್ಬಿದೆ. 30 ಕಿಲೋಮೀಟರ್ ಬಂಡೆಯನ್ನು ದಾಟಿ ಬರಲು ಶಾಖಕ್ಕೆ ಸುಮಾರು 3 ಕೋಟಿ ವರ್ಷ ಬೇಕು. ಭೂಕವಚದ ಕೆಳಗಿನ ಪದರವಾದ ಮ್ಯಾಂಟಲ್‌ನ ಬಿಸಿಯೂ ಇದಕ್ಕೆ ಕೂಡುತ್ತದೆ. ಕೇರಳದ ಚವರ ಕಡಲತೀರದ ಮರಳಿನಲ್ಲಿ ಥೋರಿಯಂ ತುಂಬಿದ ಮೊನಜೈಟ್ ಎಂಬ ಖನಿಜ ಹೇರಳವಾಗಿರುವುದು ಗೊತ್ತೇ ಇದೆ. ಅದು ಸವೆದು ಬಂದಿರುವುದು ಅಂದು ಬೆಂದ ಇಂಥ ಬಂಡೆಗಳಿಂದಲೇ.

ಇಷ್ಟು ಕಾದರೂ ಬಂಡೆ ಪೂರ್ತಿ ಕರಗಲಿಲ್ಲವೇಕೆ ಎಂದು ಯಾರೂ ಕೇಳುವುದಿಲ್ಲ. ನನಗೆ ಇದೇ ಹೆಚ್ಚು ಸೊಗಸಾದ ಪ್ರಶ್ನೆ. ನೀರಿನಂಶವಿದ್ದರೆ ಗ್ರಾನೈಟಿನಂಥ ಬಂಡೆ 650–700 ಡಿಗ್ರಿಗೇ ಕರಗತೊಡಗುತ್ತದೆ. ಮೊದಲು ಕರಗಿದ ಭಾಗ ನೀರನ್ನೂ ಹೊತ್ತು ಮೇಲೇರಿಹೋದರೆ, ಹಿಂದುಳಿದ ಒಣ ಬಂಡೆ ಎಷ್ಟೋ ಹೆಚ್ಚು ಬಿಸಿಯನ್ನು ತಾಳಬಲ್ಲದು.

ಬಂಡೆ ಒಣಗುವುದನ್ನು ಬೇರೊಂದು ಬಗೆಯಲ್ಲಿ ತೋರಿಸುವ ತಾಣ ನಮ್ಮ ಕನಕಪುರದ ಬಳಿಯ ಕಬ್ಬಾಳದುರ್ಗ. ಅಲ್ಲಿ ಪಟ್ಟೆಪಟ್ಟೆಯ ಬೂದು ನೈಸ್ ಬಂಡೆಯಲ್ಲಿ ಎಣ್ಣೆ ಹೀರಿದಂಥ ಕರಿಹಸಿರು ಮಚ್ಚೆಗಳಿವೆ, ನೈಸ್‌ನ ಪಟ್ಟೆಗಳು ಮಚ್ಚೆಯೊಳಗೆ ಹೊಕ್ಕು ಮಸುಕಾಗುತ್ತವೆ. ನೈಸ್ ಅಲ್ಲಲ್ಲಿ ಚಾರ್ನೊಕೈಟ್ ಎಂಬ ಒಣ ಬಂಡೆಯಾಗಿ ಬದಲಾಗುತ್ತಿದ್ದ ಹಂತವಿದು ಎಂದು 1960ರಲ್ಲಿ ಜಗತ್ತಿಗೆ ತಿಳಿಸಿದವರು ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು. ಇಂಗಾಲದ ಡೈಆಕ್ಸೈಡ್ ಹೆಚ್ಚಿದ್ದ ದ್ರವ ಬಿರುಕುಗಳ ಮೂಲಕ ನುಗ್ಗಿ ನೀರಿನಂಶವನ್ನು ಹೊರದಬ್ಬಿತು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಆದರೆ ಇದನ್ನು ಮಧುರೈ ಬಂಡೆಗಳ ಸಾಲಿಗೆ ಸೇರಿಸಬೇಡಿ: ಕಬ್ಬಾಳದುರ್ಗದಲ್ಲಿ ಇದು ನಡೆದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ, ಮತ್ತು ಅಲ್ಲಿನ ಉಷ್ಣತೆ 700–750 ಡಿಗ್ರಿಯ ಆಸುಪಾಸಿನಲ್ಲಿತ್ತು.